ಬೆಂಕಿ ತೋರಿಸದ ಮೊಟ್ಟೆ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಮಾಘ ಮಾಸದ ಒಂದು ಬೆಳಿಗ್ಗೆ, ತೆಕ್ಕಟ್ಟೆಯಿಂದ ಮೂಡಕ್ಕೆ ಗದ್ದೆ ದಾಟಿದರೆ ಸಿಗುವ ಒಂದು ಅರ್ಚಕರ ಮನೆಯ ಹಿಂಬದಿಯಲ್ಲಿ, ದನದ ಹಟ್ಟಿಗೂ ಬಾವಿಕಟ್ಟೆಗೂ ನಡುವೆ ನಾನು ನಿಂತಿದ್ದೆ. ಬಲಗೈ ಹಟ್ಟಿಯ ಮಣ್ಣಿನ ಗೋಡೆಯ ಮೇಲಿತ್ತು. ಬಿಸಿಲು ಹಟ್ಟಿಯ ಮಾಡಿನ ಅಂಚಿಗೆ ಬಂದಿತ್ತು, ನೆಲಕ್ಕೆ ಇಳಿದಿರಲಿಲ್ಲ. ಅರ್ಚಕರು ನನ್ನ ಎಡಕ್ಕೆ, ಅರ್ಧ ಬೆನ್ನು ತಿರುಗಿಸಿ, ಕುಕ್ಕರಗಾಲಿನಲ್ಲಿ ಕೂತಿದ್ದರು. ನಮ್ಮಿಬ್ಬರ ನಡುವೆ ಅಡ್ಡ ಏನೂ ಇರಲಿಲ್ಲ. ಅವರ ಎರಡು ಕೈಗಳೂ ನನಗೆ ಕಾಣುತ್ತಿದ್ದವು.

ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಸಂಗತಿಯನ್ನು ನಮ್ಮ ಕಡೆ ಹಲವರು ಹಲವು ಬಗೆಯಲ್ಲಿ ಹೇಳಿದ್ದಾರೆ. ನಾನು ಕಂಡದ್ದು ಯಾವುದು, ಕೇಳಿ ತಿಳಿದದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿಯೇ ಬರೆಯುತ್ತೇನೆ. ಅಲ್ಲಿಗೆ ಹೋಗಿ ನಿಲ್ಲುವಂತಾದದ್ದು ಹೇಗೆ ಎಂಬುದು ಮೊದಲು.

ಆಗ ನಾನು ಕೋಟದ ಬಳಿಯ ಒಂದು ಚಿಕ್ಕ ಡಿಸ್ಪೆನ್ಸರಿಯಲ್ಲಿ ಡಾಕ್ಟರನಾಗಿದ್ದೆ. ಈ ಅರ್ಚಕರ ಒಬ್ಬಳೇ ಮಗಳಿಗೆ ಅದಕ್ಕೆ ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ವಿಷಮಶೀತ ಜ್ವರ ಬಂದಿತ್ತು. ಹಿಂದಿನ ಬೇಸಿಗೆಯಲ್ಲಿ ಅವಳ ಮದುವೆಯಾಗಿತ್ತು. ಗಂಡನ ಮನೆ ಬೈಂದೂರಿನ ಕಡೆ. ಗಂಡ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ದೀಪಾವಳಿ ಕಳೆದ ಮೇಲೆ ಅವಳನ್ನು ಕಳಿಸಿಕೊಡುವುದೆಂದು ಮಾತಾಗಿತ್ತು. ಜ್ವರ ಬಿಟ್ಟಿತು, ಆದರೆ ಹುಡುಗಿ ಏಳಲಿಲ್ಲ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಕೂತುಬಿಡುತ್ತಿದ್ದಳು. ಪಥ್ಯವೆಂದು ಮನೆಯವರು ಬೇಳೆ, ಸೊಪ್ಪು, ತರಕಾರಿ ಎಲ್ಲವನ್ನೂ ನಿಲ್ಲಿಸಿ ಬರೀ ಗಂಜಿಯ ತಿಳಿ ಕೊಡುತ್ತಿದ್ದರು. ಹಟ್ಟಿಯ ಎರಡೂ ದನಗಳ ಹಾಲು ಬತ್ತಿತ್ತು. ಡಬ್ಬಿ ಹಾಲಿನ ಪುಡಿ ಎಲ್ಲಿಯೂ ಸಿಗುತ್ತಿರಲಿಲ್ಲ.

ನಾನು ಓದಿದ ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆ ಮೊಟ್ಟೆ ಕೊಡುತ್ತಿದ್ದರು. ಅದನ್ನೇ ಇಲ್ಲಿಯೂ ಹೇಳಬೇಕಿತ್ತು. ಆದರೆ ನಾನೂ ಅದೇ ಸೀಮೆಯವನು, ಅಂಥದೇ ಮನೆಯವನು. ನನ್ನ ತಂದೆಯನ್ನು ಅರ್ಚಕರು ಬಲ್ಲರು. ಅವರ ಚಾವಡಿಯಲ್ಲಿ ಕೂತು ಆ ಶಬ್ದವನ್ನು ಬಾಯಿಂದ ಹೊರಡಿಸಲು ನನಗಾಗಲಿಲ್ಲ. ಅವರನ್ನು ಬಾವಿಕಟ್ಟೆಗೆ ಕರೆದೆ. ಹುಡುಗಿಗೆ ಪುಷ್ಟಿ ಬೇಕು, ಒಳಗಿನ ಯಾವುದರಿಂದಲೂ ಅದು ಬರುವ ಹಾಗಿಲ್ಲ ಎಂದೆ. ಅವರಿಗೆ ತಿಳಿಯಿತು.

"ಹೊರ್ಗಿನ ಮದ್ದಾ?" ಎಂದು ಕೇಳಿದರು.

ಹೌದು, ಕೋಳಿಯದ್ದು, ದಿನಕ್ಕೆ ಎರಡು ಎಂದೆ. ಅಷ್ಟೇ. ಅವರು ನೆಲ ನೋಡಿದರು, ನಾನು ಬಾವಿಯೊಳಗೆ ನೋಡಿದೆ. ಹೇಗೆ ಕೊಡಬೇಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಂತರ ಪ್ರತಿ ಭೇಟಿಯಲ್ಲೂ ಅದು ನಮ್ಮಿಬ್ಬರ ನಡುವೆ 'ಹೊರಗಿನ ಮದ್ದು' ಎಂದೇ ಉಳಿಯಿತು.

ಮುಂದೆ ನಡೆದದ್ದನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಹೆಂಗಸರು ಅದನ್ನು ಮುಟ್ಟುವ ಹಾಗಿರಲಿಲ್ಲವಾದ್ದರಿಂದ ಎಲ್ಲ ಕೆಲಸವನ್ನೂ ಅರ್ಚಕರೇ ವಹಿಸಿಕೊಂಡರು. ಬೆಳಕು ಹರಿಯುತ್ತಲೇ ಗದ್ದೆಯ ಅಂಚಿನಲ್ಲಿ ನಡೆದು ಆಚೆ ಕೇರಿಯಲ್ಲಿ ಕೋಳಿ ಸಾಕುವ ಹೆಂಗಸೊಬ್ಬಳ ಬೇಲಿಯ ಹೊರಗೆ ನಿಲ್ಲುವುದು. ಅವಳು ಮೊಟ್ಟೆಗಳನ್ನು ಅಡಿಕೆ ಹಾಳೆಯಲ್ಲಿಟ್ಟು ನೆಲದ ಮೇಲೆ ಇಡುವುದು, ಇವರು ಎತ್ತಿಕೊಂಡು ಬಾಳೆಲೆ ಮುಚ್ಚಿ ತರುವುದು. ಹಟ್ಟಿಯ ಹಿಂದೆ ಒಡೆದು ಮಗಳಿಗೆ ಕೊಟ್ಟು, ಕೆರೆಯಲ್ಲಿ ಮುಳುಗಿ, ಆಮೇಲೆ ದೇವಸ್ಥಾನಕ್ಕೆ ಹೋಗುವುದು. ಆ ಹೆಂಗಸು ಮಾತಿಗೆ ಹಿಂಜರಿಯುವವಳಲ್ಲ. "ಹ್ವಾಯ್ ಭಟ್ರೆ, ನೀವ್ ಬಪ್ಪುಕೆ ಸುರು ಆದ್ಮೇಲೆ ನನ್ ಕೋಳಿಯೂ ಮಡಿ ಕಲ್ತಿತ್ ಕಾಣಿ. ಬೇರೆಯವ್ರ್ ಬಂದ್ರೆ ಗೂಡಿಂದ ಹೊರಗೇ ಬತ್ತಿಲ್ಲೆ" ಎಂದು ಅವರನ್ನು ಗೇಲಿ ಮಾಡುತ್ತಿದ್ದಳಂತೆ. ಅವರು ತಲೆ ತಗ್ಗಿಸಿಕೊಂಡು ಬರುತ್ತಿದ್ದರಂತೆ. ಆದರೂ ಅವಳು ಊರಿಗೆ ಸುದ್ದಿ ಹರಡಲಿಲ್ಲ. ಮರಿ ಮಾಡಿಸಲೆಂದು ಇಟ್ಟುಕೊಂಡ ಮೊಟ್ಟೆಗಳನ್ನೂ ಕೊಟ್ಟಳು.

ಮೊದಮೊದಲು ಹುಡುಗಿಯಲ್ಲಿ ಸ್ವಲ್ಪ ಗೆಲವು ಕಂಡಿತು. ದೀಪಾವಳಿ ಹೋಯಿತು. ಬೈಂದೂರಿನವರು ಇನ್ನೂ ಕಾಯುತ್ತೇವೆಂದರು. ಆಮೇಲೆ, ಚಳಿ ಹಿಡಿಯುವ ಹೊತ್ತಿಗೆ, ಅವಳ ಬಾಯಿಯ ಎರಡು ಮೂಲೆಗಳಲ್ಲಿ ಕೆಂಪಾಯಿತು. ಆ ಕೆಂಪು ಒಣಗಿ ಹೊಟ್ಟಿನ ಹಾಗೆ ಉದುರತೊಡಗಿತು. ಮೂಗಿನ ಪಕ್ಕಕ್ಕೆ, ಹುಬ್ಬಿಗೆ, ಕಿವಿಯ ಹಿಂದಕ್ಕೆ ಏರಿತು. ನಾನು ಗಂಧಕದ ಮುಲಾಮು ಕೊಟ್ಟೆ. ಹೆಚ್ಚಾಯಿತು. ಹುಳುಕಡ್ಡಿಯ ಮುಲಾಮು ಕೊಟ್ಟೆ. ಉರಿಯೆಂದು ಅತ್ತಳು. ಸತುವಿನ ಬಿಳಿ ಮುಲಾಮು ಉರಿಯನ್ನು ತಣಿಸಿತು, ಕೆಂಪನ್ನು ತೆಗೆಯಲಿಲ್ಲ. ನಾಲಗೆ ನೋಡಿದರೆ ಉಜ್ಜಿದ ಹಾಗೆ ನುಣ್ಣಗೆ, ಬಿಳಚಿಕೊಂಡು. ಬಾಚಣಿಗೆಗೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ತೊಡೆಯ ಸ್ನಾಯು ಮುಟ್ಟಿದರೆ ನೋವು. ಎಲ್ಲಕ್ಕಿಂತ ನನಗೆ ಹೆದರಿಕೆಯಾದದ್ದು ಅವಳ ಮಂಕು. ಮಾತಾಡಿಸಿದರೆ ಬಹಳ ಹೊತ್ತಿನ ಮೇಲೆ ಉತ್ತರ ಕೊಡುತ್ತಿದ್ದಳು.

ಜೀವಸತ್ವದ ಕೊರತೆ ಇರಬಹುದೆಂದು ಯೋಚಿಸಿದೆ. ಯೀಸ್ಟಿನ ಮಾತ್ರೆಗೆ ಬರೆದೆ, ಎಲ್ಲಿಯೂ ಇರಲಿಲ್ಲ. ಅರ್ಚಕರನ್ನು ಮತ್ತೆ ಬಾವಿಕಟ್ಟೆಗೆ ಕರೆದು ಹೊರಗಿನ ಮದ್ದು ಬಿಡಬೇಡಿ ಎಂದೆ. ಬಿಡಲಿಲ್ಲ, ಹೆಚ್ಚು ಮಾಡಿದ್ದೇನೆ ಎಂದರು. ಒಳ್ಳೆಯದು ಎಂದೆ.

ಹೊತ್ತಿಗೊಂದು ವಿವರಣೆ ಹುಟ್ಟುತ್ತಿತ್ತು. ಕೋಳಿಯ ಹೆಂಗಸು ಇದು ಉಷ್ಣ, ಎಳನೀರು ಕುಡಿಸಿ ಎಂದಳಂತೆ. ಹುಡುಗಿಯ ತಾಯಿ ದೃಷ್ಟಿ ಎಂದರು. ಊರವರು ಮಾತ್ರ ಏನನ್ನೂ ನೇರವಾಗಿ ಹೇಳಲಿಲ್ಲ. ಆ ಮನೆಯಲ್ಲಿ ನೀರು ಕುಡಿಯುವುದನ್ನು ನಿಲ್ಲಿಸಿದರು. ಮುಖದ ಮೇಲೆ ಕೆಂಪು, ಹುಬ್ಬು ಉದುರುವುದು, ಇವೆರಡೂ ಸೇರಿದರೆ ನಮ್ಮ ಕಡೆಯ ಜನಕ್ಕೆ ತೋಚುವುದು ಒಂದೇ. ಅದರ ಹೆಸರನ್ನು ಎತ್ತುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ಸುದ್ದಿ ಹೊಳೆ ದಾಟಿ ಬೈಂದೂರಿಗೆ ಹೋಯಿತು. ಗಂಡನ ತಂದೆಯಿಂದ ಮಾತು ಬಂತು: ದೊಡ್ಡ ಡಾಕ್ಟರು ನೋಡಿ ಅಲ್ಲ ಎನ್ನಲಿ, ಕರೆದುಕೊಂಡು ಹೋಗುತ್ತೇವೆ. ಹೌದು ಎಂದರೆ ಸಂಬಂಧ ಅಲ್ಲಿಗೇ ಮುಗಿಯಿತು.

ಮುಗಿದರೆ ಅವಳಿಗೆ ಉಳಿಯುವುದೇನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೂರದ ಕುಷ್ಠಾಶ್ರಮ. ಇಲ್ಲವಾದರೆ ಹಟ್ಟಿಯ ಪಕ್ಕದ ಸೋಗೆಯ ಗುಡಿಸಲು.

ಅವಳನ್ನು ಗಾಡಿಯಲ್ಲಿ ಕುಂದಾಪುರಕ್ಕೆ ಕರೆದೊಯ್ದೆವು. ಅಲ್ಲಿಯ ಹಿರಿಯ ಡಾಕ್ಟರು ತಾಳ್ಮೆಯಿಂದ ನೋಡಿದರು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಕೆನ್ನೆ, ಹಣೆ, ಮುಂಗೈ ಮುಟ್ಟಿದರು. ಅವಳು ಪ್ರತಿ ಸಲವೂ ಸರಿಯಾಗಿ ಬೆರಳಿಟ್ಟು ತೋರಿಸಿದಳು. ಬಿಸಿನೀರು ತಣ್ಣೀರಿನ ಎರಡು ಗಾಜಿನ ನಳಿಗೆಗಳನ್ನು ಚರ್ಮಕ್ಕಿಟ್ಟು ಯಾವುದು ಯಾವುದೆಂದು ಕೇಳಿದರು. ಅದನ್ನೂ ಸರಿಯಾಗಿ ಹೇಳಿದಳು. ಮೊಣಕೈಯ ಹಿಂದೆ ನರವನ್ನು ಬೆರಳಿನಿಂದ ಉರುಳಿಸಿ ನೋಡಿದರು. ದಪ್ಪವಾಗಿರಲಿಲ್ಲ. ಕಿವಿಯ ಹಾಲೆಯಿಂದ ಸ್ವಲ್ಪ ಗೀರಿ ಗಾಜಿನ ಮೇಲೆ ಬಳಿದರು, ಅದರಲ್ಲೂ ಏನೂ ಸಿಗಲಿಲ್ಲ. ಆದರೂ ಅವರು ಖಂಡಿತ ಅಲ್ಲ ಎನ್ನಲಿಲ್ಲ. ಮೊದಲ ಹಂತದಲ್ಲಿ ಹೀಗೆ ಆಗುವುದುಂಟು, ಒಂದೆರಡು ತಿಂಗಳು ಕಳೆದು ಮತ್ತೆ ನೋಡೋಣ, ಅಲ್ಲಿಯ ತನಕ ಬೇರೆ ಇಡಿ ಎಂದರು. ಇದು ದೊಡ್ಡ ರೋಗವಲ್ಲದಿದ್ದರೆ ಮತ್ತೇನು ಎಂದು ನನ್ನನ್ನೇ ಕೇಳಿದರು. ಊಟಕ್ಕೆ ಏನು ಕೊಡುತ್ತಿದ್ದಾರೆ ಎಂದೂ ಕೇಳಿದರು. ಅರ್ಚಕರು ಪಕ್ಕದಲ್ಲೇ ನಿಂತಿದ್ದರು. ಗಂಜಿ ಎಂದೆ.

ಅವಳ ಚಾಪೆ ಚಾವಡಿಯ ಕೊನೆಗೆ ಹೋಯಿತು. ತಟ್ಟೆ ಬೇರೆಯಾಯಿತು. ಅರ್ಚಕರು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ನಾಗನ ಮುನಿಸು ಎಂದು ಬಂತು. ನಮ್ಮಲ್ಲಿ ಚರ್ಮದ ಕಾಯಿಲೆಗೆ ಬಹುಮಟ್ಟಿಗೆ ಬರುವ ಉತ್ತರ ಅದೇ. ಆದರೆ ದಿನವೂ ಬೆಳಿಗ್ಗೆ ಗುಟ್ಟಾಗಿ ಮೊಟ್ಟೆ ಒಡೆಯುತ್ತಿದ್ದ ಆ ಮನುಷ್ಯನಿಗೆ ಅದು ಬೇರೆಯದೇ ಅರ್ಥದಲ್ಲಿ ಹೊಕ್ಕಿತು. ನಾಗನೂ ಮೊಟ್ಟೆಯಿಂದ ಹುಟ್ಟುವ ಜೀವವಲ್ಲವೆ? ಒಂದು ಪಕ್ಷದ ವ್ರತ ಹಿಡಿದು ನಾಗನಿಗೆ ಆಶ್ಲೇಷಾ ಬಲಿ ಮಾಡಿಸಿದರು.

ವ್ರತ ಮುಗಿಯುವ ಹೊತ್ತಿಗೆ ಹುಡುಗಿಯ ಬಾಯಿಯ ಮೂಲೆಗಳು ಒಣಗಿದ್ದವು. ಹುಬ್ಬಿನ ಕೆಂಪು ತಿಳಿಯಾಗಿತ್ತು. ನಾನೇ ಕಣ್ಣಾರೆ ಕಂಡೆ. ಕರೆದರೆ ಕೂಡಲೇ ತಿರುಗಿ ನೋಡಿದಳು. ಮನೆಯವರೆಲ್ಲ ನಾಗಬನದ ಕಡೆಗೆ ಕೈ ಮುಗಿದರು. ನಾನು ಹೊರಡುವಾಗ ಅಭ್ಯಾಸದಂತೆ ಬಾವಿಕಟ್ಟೆಯ ಬಳಿ, ಇನ್ನೂ ನಿಶ್ಶಕ್ತಿ ಇದೆ, ಹೊರಗಿನ ಮದ್ದು ಮುಂದುವರಿಸಿ ಎಂದೆ. ಕೆಲವು ವಾರ ಕಳೆಯುವುದರೊಳಗೆ ಕೆಂಪು ಮರಳಿ ಬಂತು. ಈ ಸಲ ಕಣ್ಣಿನ ರೆಪ್ಪೆಗೂ ಹತ್ತಿತು.

ಆಗ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. ವ್ರತದ ದಿನಗಳಲ್ಲಿ ಏನೇನು ಬದಲಾಗಿತ್ತು? ಅರ್ಚಕರು ಒಂದೊಂದಾಗಿ ಹೇಳಿದರು. ಎಳನೀರು, ಬಾಳೆಹಣ್ಣು, ಅರಸಿನ ಹಚ್ಚುವುದು. ಮತ್ತೆ? ಅವರು ಹಿಂದೆ ಮುಂದೆ ನೋಡಿ, ಅದನ್ನು ಆ ದಿನಗಳಲ್ಲಿ ಕೊಡಲಿಲ್ಲ ಎಂದರು. ಕೊಡುವುದು ಹೇಗೆಂದು ನಾನು ನೋಡಬೇಕು ಎಂದೆ. ಬೇಡವೆಂಬಂತೆ ಕೈಯಾಡಿಸಿದರು. ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಸೈಕಲಿನಲ್ಲಿ ಬಂದು ಹಟ್ಟಿಗೂ ಬಾವಿಕಟ್ಟೆಗೂ ನಡುವೆ ನಿಂತೆ.

ಅವರು ಮೊಟ್ಟೆಯೊಂದನ್ನು ಕಲ್ಲಿನ ಅಂಚಿಗೆ ತಾಗಿಸಿ ಸೀಳಿದರು. ಓಡಿನ ಒಂದು ಹೋಳಿನಿಂದ ಇನ್ನೊಂದಕ್ಕೆ ಹಳದಿಯನ್ನು ಮೆಲ್ಲಗೆ ದಾಟಿಸುತ್ತ, ಬಿಳಿಯದನ್ನು ತೆಂಗಿನ ಗೆರಟೆಗೆ ಇಳಿಯಬಿಟ್ಟರು. ಹಳದಿ ಒಡೆಯಲಿಲ್ಲ. ಎದ್ದು ನಿಂತು ಅದನ್ನು ಓಡಿನಲ್ಲೇ ಹಿಡಿದುಕೊಂಡು ಹೋಗಿ, ತೆಂಗಿನ ಸಸಿಯ ಬುಡದಲ್ಲಿ ಬೆರಳಿನಿಂದ ಕುಳಿ ತೋಡಿ ಇಟ್ಟರು, ಮಣ್ಣು ಮುಚ್ಚಿದರು, ಆ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡರು. ಮತ್ತೆ ಬಂದು ಕೂತು ಇನ್ನೊಂದನ್ನು ಒಡೆದರು. ಸಸಿಯ ಸುತ್ತ ಅಂಥ ಸಣ್ಣ ಸಣ್ಣ ಮಣ್ಣಿನ ದಿಬ್ಬಗಳು ಎಷ್ಟೋ ಇದ್ದವು. ಗೆರಟೆ ತುಂಬುವ ತನಕ ನಾನು ನಿಂತು ನೋಡಿದೆ.

ಆಮೇಲೆ ಹತ್ತಿರ ಹೋಗಿ, ಹಳದಿಯನ್ನು ಯಾಕೆ ಹುಗಿಯುತ್ತೀರಿ ಎಂದು ಕೇಳಿದೆ. ಅವರು ಬೆಚ್ಚಲಿಲ್ಲ. ತೀರ ಸುಸ್ತಾದವರ ದನಿಯಲ್ಲಿ ಹೇಳಿದರು.

"ಜೀವ ಇಪ್ಪ್ದ್ ಅದ್ರೊಳ್ಗೆ ಅಲ್ದಾ ಡಾಕ್ಟ್ರೆ? ಬಿಳೀದ್ ಬರೀ ನೀರ್. ನೀರಿಗೆ ಎಂತ ದೋಷ?"

ಬೇಯಿಸುವುದಿಲ್ಲವೆ ಎಂದೆ.

"ಬೆಂಕಿ ತೋರ್ಸಿರೆ ಅಡ್ಗಿ ಆಯ್ತ್. ಹಸೀದ್ ಕೊಟ್ರೆ ಮದ್ದ್."

ಅರ್ಧ ಹೋಗುತ್ತದಲ್ಲ ಎಂದು ಎರಡರ ಬದಲು ನಾಲ್ಕು ಮಾಡಿದ್ದರು. ಅವಳು ಸೊರಗಿದಳೆಂದು ಆರು. ನಾನು ಬಿಡಬೇಡಿ ಎಂದ ಮೇಲೆ ಎಂಟು. ಸೊರಗಿದಷ್ಟೂ ಕೊಟ್ಟರು, ಕೊಟ್ಟಷ್ಟೂ ಸೊರಗಿದಳು.

ಹಸಿಯ ಬಿಳಿಭಾಗವನ್ನು ದಿನವೂ ಹೆಚ್ಚಾಗಿ ತಿಂದರೆ ಅದು ನಮಗೆ ಬೇಕಾದ ಒಂದು ಜೀವಸತ್ವವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ಬೇಯಿಸಿದರೆ ಆ ಗುಣ ಹೋಗುತ್ತದೆ, ಹಳದಿಯಲ್ಲಿ ಅದೇ ಸತ್ವ ತುಂಬಿರುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದು ಬಹಳ ವರ್ಷಗಳ ನಂತರ. ಆ ಬೆಳಿಗ್ಗೆ ನನಗೆ ಇದಾವುದೂ ಗೊತ್ತಿರಲಿಲ್ಲ. ಇಷ್ಟು ಮಾತ್ರ ಕಂಡಿತ್ತು: ಇದು ನಿಂತಾಗ ರೋಗ ಇಳಿಯಿತು, ಮರಳಿದಾಗ ಏರಿತು. ಆಸ್ಪತ್ರೆಯಲ್ಲಿ ಇಡೀ ಮೊಟ್ಟೆ ಬೇಯಿಸಿ ತಿಂದವರಲ್ಲಿ ಇದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಬಿಳಿಯದು ಕೆಟ್ಟದ್ದೋ, ಹಳದಿ ಇಲ್ಲದ್ದು ಕೆಟ್ಟದ್ದೋ, ಹಸಿಯದ್ದು ಕೆಟ್ಟದ್ದೋ ಬೇರ್ಪಡಿಸಲು ನನಗೆ ದಾರಿ ಇರಲಿಲ್ಲ. ಮೂರನ್ನೂ ಒಟ್ಟಿಗೆ ತಿದ್ದುವುದೆಂದು ಯೋಚಿಸಿದೆ. ಗೆರಟೆಯಲ್ಲಿದ್ದುದನ್ನು ಚೆಲ್ಲಿಸಿದೆ. ಪಥ್ಯ ಮುರಿದು ಬೇಳೆ ಸೊಪ್ಪು ಕೊಡಲು ಹೇಳಿದೆ. ಇಡೀ ಮೊಟ್ಟೆ, ಬೇಯಿಸಿ, ದಿನಕ್ಕೆ ಎರಡು ಎಂದೆ. ಈ ಸಲ ಶಬ್ದವನ್ನು ನುಂಗಲಿಲ್ಲ.

ಅರ್ಚಕರು ಕೈ ಜೋಡಿಸಿದರು. ಎಲ್ಲ ನಿಲ್ಲಿಸಿಬಿಡೋಣ, ಬೇಯಿಸುವುದು ಬೇಡ, ಇದು ಇಲ್ಲಿಗೆ ಮುಗಿಯಲಿ, ಗುಣವಾದರೆ ನಾಗ ಒಲಿದ ಎಂದು ಬೈಂದೂರಿನವರಿಗೆ ಹೇಳೋಣ ಎಂದು ಬೇಡಿಕೊಂಡರು. ಅದು ಸುಲಭದ ದಾರಿ. ನನಗೂ ಅದೇ ಬೇಕಾಗಿತ್ತು. ಆದರೆ ಅವಳ ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಕುಂದಾಪುರದ ಡಾಕ್ಟರು ಎರಡನೆಯ ಸಲ ನೋಡುವುದಿತ್ತು. ಅವರಿಗೂ ಬೈಂದೂರಿನವರಿಗೂ ಇದು ಇಂಥದರಿಂದ ಬಂದದ್ದೆಂದು ಹೇಳದಿದ್ದರೆ, ಕಲೆ ಮಾಯುವ ತನಕ ಅದು ದೊಡ್ಡ ರೋಗವಾಗಿಯೇ ಇರುತ್ತದೆ. ಮಾಯ್ದ ಮೇಲೂ ಜನರ ಬಾಯಿಯಲ್ಲಿ ಉಳಿಯುತ್ತದೆ. ಹೀಗೆ ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಾಗ ಉಗ್ರಾಣದ ಕಿಟಕಿಯಿಂದ ಹುಡುಗಿ ಮಾತಾಡಿದಳು. ಗೆರಟೆ ಬಾರದ್ದನ್ನು ಕಂಡು ಎದ್ದು ಬಂದಿದ್ದಳು.

"ಹೇಳಿ ಡಾಕ್ಟ್ರೆ. ನನ್ನ ದೊಡ್ಡ ರೋಗದವ್ಳ್ ಅಂದ್ರೆ ಅಡ್ಡಿಲ್ಯಾ? ಮೊಟ್ಟಿ ತಿಂದವ್ಳ್ ಅಂಬೂಕೆ ಮಾತ್ರ ಆತಿಲ್ಯಾ ನಿಮ್ಗೆ?"

ನಾವಿಬ್ಬರೂ ಅವಳ ಕಡೆ ನೋಡಲಿಲ್ಲ. ತಿಂಗಳುಗಟ್ಟಲೆ ಅವಳ ನಾಲಗೆ, ಚರ್ಮ, ಕೂದಲು ಎಲ್ಲ ನೋಡಿದ್ದೆ. ಏನು ಕುಡಿಯುತ್ತಿದ್ದೀಯ, ಅದು ಹೇಗಿರುತ್ತದೆ ಎಂದು ಅವಳನ್ನು ಕೇಳಿರಲಿಲ್ಲ. ಕೇಳಿದ್ದರೆ ಅವಳು ಮೊದಲ ದಿನವೇ ಹೇಳುತ್ತಿದ್ದಳು. ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ.

ಬೈಂದೂರಿನವರು ಆ ವಾರವೇ ಬಂದರು. ಗಂಡನ ತಂದೆ, ಬೊಂಬಾಯಿಯಿಂದ ಬಂದಿದ್ದ ಗಂಡ, ಜೊತೆಗೆ ಅರ್ಚಕರು ಪೂಜೆ ಮಾಡುವ ದೇವಸ್ಥಾನದ ಹಿರಿಯರೊಬ್ಬರು. ಆ ಹಿರಿಯರು ನನ್ನ ತಾಯಿಯ ಕಡೆಯಿಂದ ನನಗೆ ಬಂಧು. ಎಲ್ಲರೂ ಚಾವಡಿಯಲ್ಲಿ ಕೂತರು. ಹುಡುಗಿ ಜಗಲಿಯ ತುದಿಯಲ್ಲಿ ಸೆರಗು ಎಳೆದುಕೊಂಡು ಕೂತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಇದು ದೊಡ್ಡ ರೋಗ ಎಂದು ನನಗೆ ತೋರುವುದಿಲ್ಲ, ಹಸಿ ಮೊಟ್ಟೆಯ ಬಿಳಿಭಾಗವನ್ನು ತಿಂಗಳುಗಟ್ಟಲೆ ಕುಡಿದದ್ದರಿಂದ ಬಂದದ್ದೆಂದು ನಂಬಿದ್ದೇನೆ, ಕೊಡಲು ಹೇಳಿದವನು ನಾನು, ಹೇಗೆ ಕೊಡಬೇಕೆಂದು ಹೇಳದೆ ಬಿಟ್ಟವನೂ ನಾನು.

ಗಂಡನ ತಂದೆ ಅರ್ಚಕರ ಕಡೆ ತಿರುಗಿ ಹೇಳಿದರು.

"ದೊಡ್ಡ ರೋಗ ಆದ್ರೆ ಹಣೆಬರ ಅಂಬ್ರ್, ಬೀಗ್ರೆ. ಇದಕ್ಕೆ ಎಂತ ಅಂಬ್ದ್?"

ಅದುವರೆಗೆ ಬೇಯಿಸಲು ಒಪ್ಪದಿದ್ದ ಅರ್ಚಕರು ಎದ್ದು ಅಂಗಳಕ್ಕೆ ಇಳಿದರು. ಮೂರು ಕಲ್ಲು ತಂದು ಜೋಡಿಸಿದರು. ತೆಂಗಿನ ಸಿಪ್ಪೆ ಒಟ್ಟಿ, ಒಳಗಿನ ಒಲೆಯ ಕೆಂಡ ತರದೆ ಹೊಸದಾಗಿ ಕಡ್ಡಿ ಗೀರಿ ಬೆಂಕಿ ಮಾಡಿದರು. ಅವತ್ತು ಮೊಟ್ಟೆಗಳನ್ನು ತಂದವಳು ಕೋಳಿಯ ಹೆಂಗಸೇ. ಅವಳು ಬೇಲಿಯ ಆಚೆ ನಿಂತಿದ್ದಳು. ಅರ್ಚಕರು ಅವಳ ಕೈಯಿಂದಲೇ ನೇರವಾಗಿ ತೆಗೆದುಕೊಂಡರು, ನೆಲದಲ್ಲಿ ಇಡಿಸಲಿಲ್ಲ. ಹೊಸ ಮಣ್ಣಿನ ಗಡಿಗೆಯಲ್ಲಿ ನೀರಿಟ್ಟು ಅದರಲ್ಲಿ ಬಿಟ್ಟರು. ನೀರು ಕುದಿಯುವ ಸದ್ದು ಚಾವಡಿಗೆ ಕೇಳುತ್ತಿತ್ತು. ಇಳಿಸುವುದು ಯಾವಾಗ ಎಂದು ಅವರಿಗೆ ತಿಳಿಯದೆ ಬೇಲಿಯ ಕಡೆ ನೋಡಿದರು. ಅವಳು ತಲೆಯಾಡಿಸಿದಾಗ ಇಳಿಸಿದರು. ಓಡು ಬಿಡಿಸಲು ಬರುತ್ತಿರಲಿಲ್ಲ. ಉಗುರಿಗೆ ಬಿಳಿಯದೂ ಕಿತ್ತು ಬಂತು. ಹಾಗೆಯೇ ತಂದು ಮಗಳ ಅಂಗೈಯಲ್ಲಿ ಇಟ್ಟರು. ಅವಳು ಮುರಿದು ಹಳದಿಯನ್ನು ನೋಡಿದಳು, ತಿನ್ನತೊಡಗಿದಳು.

ತಿನ್ನುತ್ತ ನನ್ನನ್ನು ಕೇಳಿದಳು. "ನೀವ್ ತಿಂದಿದ್ರ್ಯಾ ಡಾಕ್ಟ್ರೆ, ಯಾವತ್ತಾರೂ?"

ಇಲ್ಲ ಎಂದೆ. ಅಷ್ಟು ಜನರಿಗೆ ತಿನ್ನಲು ಹೇಳಿದ ನಾನು ಒಮ್ಮೆಯೂ ತಿಂದಿರಲಿಲ್ಲ. ಅರ್ಚಕರು ಇನ್ನೊಂದನ್ನು ಸುಲಿಯುತ್ತಿದ್ದರು. ನಾನು ಕೈ ಚಾಚಿದೆ. ನನ್ನ ಮಾತಿಗೆ ಅಷ್ಟಾದರೂ ತೂಕ ಬರಲಿ ಎಂಬ ಲೆಕ್ಕ ನನ್ನದು. ಎಲ್ಲರೂ ನೋಡುತ್ತಿದ್ದಂತೆ ಬಾಯಿಗಿಟ್ಟು ಎರಡು ಸಲ ಅಗಿದು ನುಂಗಿದೆ. ಬಿಸಿಯಿತ್ತು, ಮೆದುವಾಗಿತ್ತು. ನಾನು ಮೂಗು ಹಿಡಿದುಕೊಂಡು ದಾಟುತ್ತಿದ್ದ ಕೋಳಿಗೂಡುಗಳ ವಾಸನೆ ಅದರಲ್ಲಿತ್ತು. ನನ್ನ ಬುದ್ಧಿ ಒಪ್ಪಿದ್ದನ್ನು ಹೊಟ್ಟೆ ಒಪ್ಪಲಿಲ್ಲ. ಅಂಗಳದ ಅಂಚಿಗೆ ತಲುಪುವುದರೊಳಗೆ ಎಲ್ಲರ ಎದುರಿಗೆ ವಾಂತಿ ಮಾಡಿದೆ. ಮತ್ತೆ ಮತ್ತೆ ಮಾಡಿದೆ. ಬಗ್ಗಿ ನಿಂತಿದ್ದವನಿಗೆ ಹಿಂದಿನಿಂದ ಗಂಡನ ತಂದೆಯ ಮಾತು ಕೇಳಿಸಿತು.

"ಮದ್ದ್ ಹೇಳ್ದವ್ರ ಹೊಟ್ಟಿಯಗೇ ಅದ್ ನಿಲ್ಲೂದಿಲ್ಲೆ. ನಡಿನಿ, ಹೋಪ."

ಅವರು ಎದ್ದರು. ನಾನು ಬಾಯಿ ತೊಳೆದುಕೊಂಡು ತಿರುಗಿದಾಗ ಚಾವಡಿ ಖಾಲಿಯಾಗಿತ್ತು. ಹುಡುಗಿ ಮಾತ್ರ ಕೂತಲ್ಲೇ ಕೂತು ಕೊನೆಯ ತುಂಡನ್ನು ತ್ರಾಸವಿಲ್ಲದೆ ತಿನ್ನುತ್ತಿದ್ದಳು. ಗಂಡ ಬೇಲಿಬಾಗಿಲ ದಣಪೆಯ ಬಳಿ ಹಿಂದುಳಿದಿದ್ದ. ನಾನು ಹತ್ತಿರ ಬಂದಾಗ ತಂದೆಗೆ ಕೇಳದ ಹಾಗೆ ಹೇಳಿದ.

"ಬೊಂಬಾಯಿಯಗೆ ಉಪ್ಪ್, ಕಾಳ್ಮೆಣ್ಸ್ ಹಾಕ್ತ್ರ್ ಡಾಕ್ಟ್ರೆ. ಬರೀದ್ ಹ್ಯಾಂಗ್ ತಿಂಬ್ದ್?"

ಅದಕ್ಕಿಂತ ಹೆಚ್ಚು ಹೇಳದೆ ಹೋದ.

ಆಮೇಲಿನ ದಿನಗಳಲ್ಲಿ ಅರ್ಚಕರು ದಿನವೂ ಅಂಗಳದಲ್ಲಿ ಬೆಂಕಿ ಮಾಡಿದರು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಬಾಯಿಯ ಮೂಲೆಗಳು ಮೊದಲು ಮಾಯ್ದವು. ನಂತರ ರೆಪ್ಪೆ, ಕಿವಿಯ ಹಿಂದೆ. ನಾಲಗೆಗೆ ಬಣ್ಣ ಬಂತು. ಒಂದು ದಿನ ನಾನು ಹೋದಾಗ ಅವಳು ಬಾವಿಯಿಂದ ನೀರು ಸೇದುತ್ತಿದ್ದಳು. ಹುಬ್ಬಿನಲ್ಲಿ ಎಳೆಯ ಕೂದಲು ಕಾಣಿಸಿದಾಗ ಕುಂದಾಪುರಕ್ಕೆ ಕರೆದೊಯ್ದೆ. ಏನು ತಿಂದಿದ್ದಳು, ಹೇಗೆ ತಿಂದಿದ್ದಳು, ಈಗ ಹೇಗೆ ತಿನ್ನುತ್ತಿದ್ದಾಳೆ ಎಲ್ಲವನ್ನೂ ಈ ಸಲ ಹೇಳಿದೆ. ಹಿರಿಯ ಡಾಕ್ಟರು ಮತ್ತೆ ಹತ್ತಿಯ ಎಳೆ, ಗಾಜಿನ ನಳಿಗೆ ಎಲ್ಲ ನೋಡಿ, ಇದು ಕುಷ್ಠವಲ್ಲ ಎಂದರು. ಮಳೆ ಹಿಡಿಯುವ ಮೊದಲು ಗಂಡ ಒಬ್ಬನೇ ಬಂದು ಅವಳನ್ನು ಬೊಂಬಾಯಿಗೆ ಕರೆದುಕೊಂಡು ಹೋದ. ಅವನ ತಂದೆ ಬರಲಿಲ್ಲ.

ಇಷ್ಟಾದರೆ ಇದೊಂದು ಒಳ್ಳೆಯ ಕತೆ. ಆದರೆ ದೇವಸ್ಥಾನದ ಹಿರಿಯರು ಅವತ್ತು ಚಾವಡಿಯಲ್ಲಿದ್ದರು. ಅವರು ನಾಲ್ಕು ಜನರನ್ನು ಸೇರಿಸಿ ತೀರ್ಮಾನ ಮಾಡಿದರು. ಅರ್ಚಕರು ತಮ್ಮ ಕೈಯಾರೆ ಬೆಂಕಿಯಲ್ಲಿ ಬೇಯಿಸಿದ್ದರಿಂದ ಅವರು ಇನ್ನು ಗರ್ಭಗುಡಿಗೆ ಹೋಗುವ ಹಾಗಿಲ್ಲ. ಪೂಜೆಯ ಹಕ್ಕು ಅವರ ದಾಯಾದಿಯ ಮನೆಗೆ ಹೋಯಿತು. ಹುಡುಗಿ ಗಂಡನ ಮನೆಗೆ ಸೇರಿದವಳಾದ್ದರಿಂದ ಅವಳ ವಿಚಾರ ಎತ್ತಲಿಲ್ಲ. ನನ್ನ ವಿಚಾರ ಬಂದಾಗ, ಅವನ ಹೊಟ್ಟೆಯಲ್ಲಿ ಅದು ನಿಲ್ಲಲಿಲ್ಲ, ನಿಲ್ಲದ್ದು ತಿಂದ ಹಾಗಲ್ಲ ಎಂದರು. ಪಂಚಗವ್ಯ ಕೊಟ್ಟು ನನ್ನನ್ನು ಪಂಕ್ತಿಯಲ್ಲಿ ಕೂರಿಸಿದರು. ನನ್ನ ತಾಯಿ ಅತ್ತು ಕರೆದದ್ದರಿಂದ ನಾನು ಹೋಗಿ ಕೂತೆ. ಹೇಳಿದವನು ನಾನು ಎಂದು ಅಲ್ಲಿಯೂ ಹೇಳಿದೆ. ಡಾಕ್ಟರುಗಳು ಹೇಳುತ್ತಾರಪ್ಪ, ಅದು ಅವರ ಕೆಲಸ ಎಂದು ನಕ್ಕು ಎಲೆಗೆ ಅನ್ನ ಬಡಿಸಿದರು. ಅನ್ನ ಹೊಟ್ಟೆಯಲ್ಲಿ ನಿಂತಿತು.

ಅರ್ಚಕರಲ್ಲಿಗೆ ಹೋಗಿ ಇದನ್ನು ಹೇಳಿದಾಗ ಅವರು, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದರು. ನಿಜವಾಗಿಯೂ ಇರಲಿಲ್ಲ, ಅದೇ ನನಗೆ ತಡೆಯಲಾಗದ್ದು. ಆಮೇಲೆ ಸಂಜೆಯ ಮಂಗಳಾರತಿಯ ಹೊತ್ತಿಗೆ ಅವರು ಕೆರೆಯ ಆಚೆ ದಡದಲ್ಲಿ ನಿಂತಿರುತ್ತಿದ್ದರು. ಅಲ್ಲಿಂದ ಗಂಟೆಯ ಸದ್ದು ಕೇಳುತ್ತದೆ, ದೀಪ ಕಾಣುವುದಿಲ್ಲ. ನಾನು ಆ ಕೆರೆಯ ದಾರಿಯಲ್ಲಿ ಸೈಕಲು ಹೊಡೆಯುವುದನ್ನು ಬಿಟ್ಟೆ. ಸುತ್ತು ದಾರಿ ಹಿಡಿದೆ.

ದಿನವೂ ಮೊಟ್ಟೆ ತಿಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಬೇಯಿಸಿ, ಇಡಿಯಾಗಿ, ಬೇಳೆ ಸೊಪ್ಪಿನ ಊಟದ ಜೊತೆಗೆ ತಿಂದವರು ಚೆನ್ನಾಗಿರುವುದನ್ನೇ ನಾನು ಕಂಡಿದ್ದೇನೆ. ಆದರೆ ಉತ್ತರ ಕೊಡುವ ಮೊದಲು, ಹೇಗೆ ತಿನ್ನುತ್ತೀರಿ ಎಂದು ಕೇಳುತ್ತೇನೆ. ಎದುರಿಗಿದ್ದವರು ಎಷ್ಟು ನಾಚಿದರೂ, ಯಾರ ಮನೆಯವರಾದರೂ, ಗಟ್ಟಿಯಾಗಿ ಕೇಳುತ್ತೇನೆ.

ಅವತ್ತು ಆ ಅಂಗಳದಲ್ಲಿ ಇದ್ದವರಲ್ಲಿ ಅರ್ಚಕರು ತೀರಿಕೊಂಡರು. ಹುಡುಗಿಯ ತಾಯಿ, ಗಂಡನ ತಂದೆ, ದೇವಸ್ಥಾನದ ಹಿರಿಯರು ಯಾರೂ ಈಗಿಲ್ಲ. ಬದುಕಿರುವವರು ನನ್ನನ್ನು ಬಿಟ್ಟರೆ ಮೂವರು. ಕೋಳಿಯ ಹೆಂಗಸು ವಂಡ್ಸೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಗಂಡ ಬೊಂಬಾಯಿ ಬಿಟ್ಟು ಬಂದು ಬೈಂದೂರಿನಲ್ಲಿದ್ದಾನೆ. ಮೂರನೆಯವಳು ಆ ಹುಡುಗಿ, ಈಗ ಅಜ್ಜಿ. ನಾನು ಇದನ್ನು ಬರೆಯುತ್ತೇನೆಂದು ಅವಳಿಗೆ ತಿಳಿಸಿದಾಗ ಅವಳು ಹೇಳಿದ್ದು ಒಂದೇ ಮಾತು: ಅವತ್ತು ಅವರೆಲ್ಲ ಎದ್ದು ಹೋಗುವಾಗ ಅಪ್ಪಯ್ಯ ಒಲೆಯ ಮುಂದೆ ತಲೆ ತಗ್ಗಿಸಿರಲಿಲ್ಲ, ಅದನ್ನು ಬರೆಯಿರಿ. ನಾನು ಆಗ ಬಗ್ಗಿ ವಾಂತಿ ಮಾಡುತ್ತಿದ್ದೆ. ನೋಡಿಲ್ಲ. ಅವಳು ನೋಡಿದ್ದಾಳೆ.